ಗಸಿ ಇಳಿಯುವ ಮೊದಲು

ಆ ಮನುಷ್ಯ ಹಣ್ಣಿನ ರಸದ ಸಾಲಿಗೆ ಬಂದು ಇಪ್ಪತ್ತು ನಿಮಿಷವಾಗಿತ್ತು. ಒಂದೊಂದೇ ಬಾಟಲಿ ಎತ್ತುವುದು, ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದುವುದು, ತಲೆಯಾಡಿಸಿ ಮತ್ತೆ ಇಡುವುದು. ಇಟ್ಟರೆ ನೆಟ್ಟಗೆ ಇಟ್ಟಾನೆಯೇ? ಅದೂ ಇಲ್ಲ. ಅವಳು ಬೆಳಿಗ್ಗೆಯಿಂದ ಸೊಂಟ ಬಗ್ಗಿಸಿ ಜೋಡಿಸಿದ್ದ ಬಾಟಲಿಗಳಲ್ಲಿ ಅರ್ಧದಷ್ಟು ಈಗ ಬೆನ್ನು ತೋರಿಸಿಕೊಂಡು ನಿಂತಿದ್ದವು.

ಆ ಸೂಪರ್ ಮಾರ್ಕೆಟ್ಟಿನಲ್ಲಿ ಜ್ಯೂಸ್, ಸೋಡಾ, ನೀರಿನ ಬಾಟಲಿಗಳ ಸಾಲನ್ನು ನೋಡಿಕೊಳ್ಳುವುದು ಅವಳ ಕೆಲಸ. ಇಷ್ಟು ಹೊತ್ತು ಲೇಬಲ್ ಓದುವವರು ಒಂದೋ ಕಳ್ಳರು, ಇಲ್ಲ ಇನ್ಸ್‌ಪೆಕ್ಟರುಗಳು. ಇವನ ಅಂಗಿಯ ಜೇಬಿನಲ್ಲಿ ಪೆನ್ನಿತ್ತು. ಇನ್ಸ್‌ಪೆಕ್ಟರೇ ಇರಬೇಕೆಂದು ಅವಳು ಹತ್ತಿರ ಹೋದಳು.

"ಸರ್, ಚೆಕಿಂಗಿಗೆ ಬಂದಿದ್ರೆ ಮ್ಯಾನೇಜರ್ ಆ ಕಡೆ ಇದ್ದಾರೆ. ಡೇಟ್ ಮುಗಿದಿದ್ದು ಒಂದೂ ಇಲ್ಲ. ನಾನೇ ನೋಡಿದೀನಿ."

ಅವನು ಬೆಚ್ಚಿದ. ಕೈಯಲ್ಲಿದ್ದ ಬಾಟಲಿ ಜಾರಿ, ಅದನ್ನು ಮೊಣಕಾಲಿನಲ್ಲಿ ತಡೆದು ಹಿಡಿದ.

"ಚೆಕಿಂಗಾ? ನಾನು ಲಿಫ್ಟ್ ಮೆಕ್ಯಾನಿಕ್ ರೀ."

"ನಮ್ಮಲ್ಲಿ ಲಿಫ್ಟ್ ಇಲ್ವಲ್ಲ."

"ಗೊತ್ತು." ಅವನ ಕಿವಿ ಕೆಂಪಾಯಿತು. "ನನಗೆ ಪ್ರಿಸರ್ವೇಟಿವ್ ಹಾಕದೇ ಇರೋ ಜ್ಯೂಸ್ ಬೇಕು. ಎಲ್ಲದರಲ್ಲೂ ಏನೋ ಒಂದು ಹಾಕಿರ್ತಾರೆ."

"ಚಿಕ್ಕ ಮಕ್ಕಳಿಗಾ?"

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. "ಅಲ್ಲ. ವೈನ್ ಮಾಡೋಕೆ."

ಅವಳ ಮುಖದ ನಗು ಅಲ್ಲಿಗೇ ನಿಂತಿತು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಕುಡಿದು ಕುಡಿದು, ಕಣ್ಣು ಹಳದಿಯಾಗಿ, ಹೊಟ್ಟೆ ಊದಿಕೊಂಡು, ಕೊನೆಗೆ ಅವಳು ಯಾರೆಂದೇ ತಿಳಿಯದೆ ಹೋಗಿದ್ದ. ಅವನ ತಾಯಿಯನ್ನು, ಅಂದರೆ ತನ್ನ ಅತ್ತೆಯನ್ನು, ಅವಳು ಜೊತೆಯಲ್ಲೇ ಇಟ್ಟುಕೊಂಡಿದ್ದಳು. ಎರಡು ಕೋಣೆಯ ಆ ಮನೆಯಲ್ಲಿ ಈಗ, ಮದ್ಯ ಬೆರೆತಿರುತ್ತದೆಂದು, ಕೆಮ್ಮಿನ ಸಿರಪ್ಪಿನ ಬಾಟಲಿ ಕೂಡ ಇರುತ್ತಿರಲಿಲ್ಲ.

"ಕೆಳಗಿನ ಶೆಲ್ಫು, ಎಡಗಡೆ ಕೊನೆ," ಎಂದಳು. "ಹಸಿರು ಮುಚ್ಚಳದ್ದು. ಸೇಬಿನದು. ಅದಕ್ಕೆ ಏನೂ ಹಾಕಿಲ್ಲ."

ಹೇಳಿ ಗೋಡೌನಿಗೆ ಹೋದಳು. ತಿರುಗಿ ಬಂದಾಗ ಅವನು ಇನ್ನೂ ಅಲ್ಲೇ ಇದ್ದ. ಮಂಡಿಯೂರಿ ಕೂತು, ತಾನು ತಿರುಗಿಸಿಟ್ಟಿದ್ದ ಬಾಟಲಿಗಳನ್ನೆಲ್ಲ ಒಂದೊಂದಾಗಿ ಮುಖ ಹೊರಗೆ ಮಾಡಿ ಇಡುತ್ತಿದ್ದ. ಒಂದು ಬಾಟಲಿ ಕೂದಲೆಳೆಯಷ್ಟು ವಾರೆಯಾಗಿದ್ದುದನ್ನು ಎರಡು ಬೆರಳಿನಿಂದ ಸರಿಮಾಡಿ, ಹಿಂದಕ್ಕೆ ಬಾಗಿ, ಒಂದು ಕಣ್ಣು ಮುಚ್ಚಿ ನೋಡಿದ.

ಬೇಡವೆಂದರೂ ಅವಳಿಗೆ ನಗು ಬಂತು.

ಆಮೇಲೆ ಅವನು ಪ್ರತಿ ಶನಿವಾರ ಬರತೊಡಗಿದ. ಸೇಬಿನ ರಸ ಎರಡು, ದ್ರಾಕ್ಷಿಯದು ಒಂದು. ಅವಳನ್ನು "ಜ್ಯೂಸ್ ಮೇಡಂ" ಎಂದು ಕರೆಯುತ್ತಿದ್ದ. ಅವಳು ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. ಆದರೆ ಶನಿವಾರ ಬಂದರೆ ತಲೆ ಬಾಚುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಕನ್ನಡಿಯಲ್ಲಿ ಅತ್ತೆಯ ಕಣ್ಣು ಕಂಡರೆ ಬಾಚಣಿಗೆ ಕೆಳಗಿಟ್ಟುಬಿಡುತ್ತಿದ್ದಳು.

"ನಿಮಗೆ ಯಾಕೆ ಬೇಕು ಈ ಉಸಾಬರಿ?" ಎಂದು ಒಂದು ಶನಿವಾರ ಕೇಳಿಯೇಬಿಟ್ಟಳು. "ಕುಡಿಯೋರು ಅಂಗಡಿಯಿಂದ ತಂದು ಕುಡೀತಾರೆ."

"ಅಂಗಡಿದು ದುಬಾರಿ. ಅದೂ ಅಲ್ದೆ, ಕುಡಿಯೋಕೆ ಅಂತ ಮಾಡಲ್ಲ ನಾನು."

"ಮತ್ತೆ ನೋಡೋಕಾ?"

"ಹೂಂ. ನೋಡೋಕೇ." ಅವನು ನಗಲಿಲ್ಲ. "ಬಂದು ನೋಡಿ ಒಂದ್ಸಲ. ಭಾನುವಾರ ಮಧ್ಯಾಹ್ನ. ಬಾಗಿಲು ತೆಗೆದೇ ಇಟ್ಟಿರ್ತೀನಿ, ಭಯ ಬೀಳಬೇಡಿ."

ಅವಳು ಹೋದಳು. ಯಾಕೆ ಹೋದೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಕೇಳಿಕೊಂಡಳು. ಕುಡಿತದ ಕೊನೆಯನ್ನು ಅವಳು ಹತ್ತಿರದಿಂದ ಕಂಡಿದ್ದಳು. ಅದು ಹುಟ್ಟುವುದು ಹೇಗೆ ಎಂದು ಮಾತ್ರ ಕಂಡಿರಲಿಲ್ಲ.

ಅವನ ಅಡುಗೆಮನೆ ಆಸ್ಪತ್ರೆಯ ಹಾಗೆ ಶುಚಿಯಾಗಿತ್ತು. ಕಿಟಕಿಯ ಕೆಳಗೆ ಐದು ಲೀಟರಿನ ಎರಡು ಗಾಜಿನ ಜಾಡಿ. ಅವನು ಕುದಿಸಿದ ನೀರಿನಿಂದ ಮೂರನೆಯದನ್ನು ತೊಳೆದು, ರಸ ಸುರಿದು, ಅಳೆದು ಸಕ್ಕರೆ ಹಾಕಿದ. ಉಗುರುಬೆಚ್ಚಗಿನ ನೀರಿನಲ್ಲಿ ಚಿಟಿಕೆ ಯೀಸ್ಟ್ ಕದಡಿ, ಅದು ನೊರೆಯೇಳುವವರೆಗೆ ಕಾದು, ಜಾಡಿಗೆ ಬಿಟ್ಟ. ಕೊನೆಗೆ ಒಂದು ಹಳದಿ ಬಲೂನಿಗೆ ಸೂಜಿಯಿಂದ ಚುಚ್ಚಿ ಜಾಡಿಯ ಬಾಯಿಗೆ ತೊಡಿಸಿದ.

"ಬಲೂನ್ ಯಾಕೆ? ಹುಟ್ಟುಹಬ್ಬಾನಾ?"

"ಒಳಗಿನ ಗಾಳಿ ಹೊರಗೆ ಹೋಗ್ಬೇಕು, ಹೊರಗಿಂದು ಒಳಗೆ ಬರಬಾರದು. ನಾಳೆ ಹೊತ್ತಿಗೆ ಎದ್ದು ನಿಲ್ಲುತ್ತೆ ನೋಡಿ. ವಾರ ಕಳೆದು ಅದು ಬಾಗಿದ್ರೆ ಅರ್ಧ ಕೆಲಸ ಮುಗೀತು ಅಂತ. ಆಮೇಲೆ ಗಸಿ ತಳಕ್ಕೆ ಇಳಿಯುತ್ತೆ. ಮೇಲಿನ ತಿಳಿಯನ್ನ ಪೈಪಲ್ಲಿ ಇನ್ನೊಂದು ಜಾಡಿಗೆ ಇಳಿಸ್ಬೇಕು. ಮತ್ತೆ ಕಾಯ್ಬೇಕು."

"ಎಷ್ಟು ದಿನ?"

ಅವನು ಹಳೆಯ ಜಾಡಿಯೊಂದರ ಹಿಂದೆ ಪೇಪರಿನ ಹಾಳೆ ಹಿಡಿದ. ತೆಳು ಬಂಗಾರದ ಬಣ್ಣದ ಆಚೆ ಅಕ್ಷರಗಳು ಸ್ವಲ್ಪ ದೊಡ್ಡದಾಗಿ, ಸ್ಪಷ್ಟವಾಗಿ ಕಂಡವು. "ಹೀಗೆ ಓದೋಕೆ ಬರೋವರೆಗೆ. ಆರು ವಾರ, ಏಳು ವಾರ. ಅಲ್ಲೀವರೆಗೆ ಮುಟ್ಟಲ್ಲ."

ಅವಳು ಬಗ್ಗಿ ಗಾಜಿನಾಚೆಯ ಸಾಲನ್ನು ಓದಲು ಹೋದಳು. ಗಾಜಿನ ಆ ಬದಿಯಲ್ಲಿ ಅವನ ಕಣ್ಣಿತ್ತು, ಅಕ್ಷರಗಳ ಹಾಗೆಯೇ ದೊಡ್ಡದಾಗಿ. ಇಬ್ಬರೂ ಒಮ್ಮೆಲೇ ನೆಟ್ಟಗಾದರು.

ಅವನು ಹಿಂದೆ ಮಾಡಿಟ್ಟಿದ್ದ ಬಾಟಲಿಯೊಂದರಿಂದ ಒಂದು ಚಿಕ್ಕ ಲೋಟಕ್ಕೆ ವೈನ್ ಬಗ್ಗಿಸಿಕೊಂಡ. ಅವಳಿಗೆ ಬರೀ ಸೇಬಿನ ರಸ ಕೊಟ್ಟ. ಅವನು ಕುಡಿಯುವುದನ್ನು ಅವಳು ನೋಡುತ್ತ ಕೂತಳು. ಲೋಟ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಮುಗಿದ ಮೇಲೆ ತೊಳೆದು ಬೋರಲು ಹಾಕಿದ. ಬಾಟಲಿ ಕೈಗೆಟುಕುವಲ್ಲೇ ಇತ್ತು. ಅವನ ಕೈ ಅತ್ತ ಹೋಗಲೇ ಇಲ್ಲ. ಮಾತಾಡುತ್ತ ಆಡುತ್ತ ಅದು ಅಲ್ಲಿದೆ ಎನ್ನುವುದನ್ನೇ ಅವನು ಮರೆತುಬಿಟ್ಟ.

ಮನೆಗೆ ನಡೆಯುತ್ತ ಅವಳಿಗೆ ಅಳು ಬಂತು. ಒಂದು ಲೋಟಕ್ಕೆ ನಿಲ್ಲುವ ಕೈ ಲೋಕದಲ್ಲಿ ಉಂಟು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಅವನ ಮೇಲೆ ಮನಸ್ಸಾದದ್ದು ಆ ಕೈಯನ್ನು ಕಂಡು.

ಚಳಿಗಾಲ ಮುಗಿಯುವ ಹೊತ್ತಿಗೆ ಅವಳು ಗಂಡನ ಸಂಗತಿಯನ್ನೆಲ್ಲ ಅವನಿಗೆ ಹೇಳಿದ್ದಳು. ಅವನು ಕೇಳಿ, "ನಾನು ಇದನ್ನ ನಿಲ್ಲಿಸ್ಲಾ? ಇವತ್ತೇ ಜಾಡಿ ತೆಗೆದುಬಿಡ್ತೀನಿ," ಎಂದ.

"ಬೇಡ. ನಿಮ್ಮ ಕೈ ನಂಗೆ ಗೊತ್ತು."

"ಕೈ ಮಾತ್ರ ಗೊತ್ತಾ?"

"ಸದ್ಯಕ್ಕೆ ಅಷ್ಟೇ."

ಅವನು ಆ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸಿನ ಕಪ್ಪು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿ, ತನ್ನ ಕೈಯನ್ನು ಅದರ ಮೇಲಿಟ್ಟಳು. ಬೇಸಿಗೆಯಲ್ಲಿ ಮದುವೆಯಾಗುವುದೆಂದು ಆಯಿತು. ರಿಜಿಸ್ಟರ್ ಆಫೀಸಿನಲ್ಲಿ, ಸದ್ದುಗದ್ದಲವಿಲ್ಲದೆ. ಸಾಕ್ಷಿಗೆ ಅವನ ಕಡೆಯಿಂದ ಅವನ ಜೊತೆಗಾರ. ಹದಿನೈದು ವರ್ಷದಿಂದ ಒಟ್ಟಿಗೆ ಲಿಫ್ಟ್ ರಿಪೇರಿ ಮಾಡಿದವನು, ಬಾಯಿ ಬಿಟ್ಟರೆ ತಮಾಷೆ. "ನಮ್ಮವನನ್ನ ಮೇಲಕ್ಕೆ ಹತ್ತಿಸೋದು ಸುಲಭ ಅಮ್ಮ, ಕೆಳಗಿಳಿಸೋದು ಕಷ್ಟ," ಎಂದು ಅವಳನ್ನು ನಗಿಸಿದ್ದ.

ಅತ್ತೆಗೆ ಹೇಳಿದಾಗ ಅವರು ಹೊಲಿಗೆಯಿಂದ ತಲೆಯೆತ್ತದೆ, "ಕುಡೀತಾನಾ?" ಎಂದು ಮಾತ್ರ ಕೇಳಿದರು.

"ವಾರಕ್ಕೊಂದು ಲೋಟ. ತಾನೇ ಮಾಡಿದ್ದು."

"ನನ್ನ ಮಗನೂ ಶುರುವಿನಲ್ಲಿ ವಾರಕ್ಕೊಂದೇ ಕುಡೀತಿದ್ದ," ಎಂದು ಅತ್ತೆ ಹಲ್ಲಿನಿಂದ ದಾರ ಕಡಿದರು. ಆಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮದುವೆಗೆ ಐದು ವಾರ ಇತ್ತು. ಒಂದು ಮಂಗಳವಾರ ಬೆಳಿಗ್ಗೆ, ಹನ್ನೆರಡು ಅಂತಸ್ತಿನ ಕಟ್ಟಡದಲ್ಲಿ ಜೊತೆಗಾರ ಲಿಫ್ಟ್ ಏರಿಳಿಯುವ ಬಾವಿಯಲ್ಲಿ ಬಿದ್ದು ಸತ್ತ. ಇವನು ಆಗ ಅಲ್ಲಿರಲಿಲ್ಲ. ದೊಡ್ಡ ಸ್ಪ್ಯಾನರ್ ವ್ಯಾನಿನಲ್ಲೇ ಉಳಿದಿತ್ತು, ಅದನ್ನು ತರಲು ಕೆಳಗಿಳಿದಿದ್ದ. ಮೆಟ್ಟಿಲು ಹತ್ತುತ್ತಿರುವಾಗ ಗೋಡೆಯಾಚೆ ಸದ್ದು ಕೇಳಿತಂತೆ. ವಿಚಾರಣೆಯಲ್ಲಿ ಅವನ ತಪ್ಪಿಲ್ಲವೆಂದು ಬರೆದುಕೊಟ್ಟರು. ಆ ಕಾಗದವನ್ನು ಅವನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಕೆಲಸಕ್ಕೆ ಹೋಗುವುದನ್ನು ಬಿಟ್ಟ. ಲಿಫ್ಟಿನ ಬಾಗಿಲು ತೆರೆದರೆ ಅವನ ಕಾಲು ಒಳಗೆ ಹೋಗುತ್ತಿರಲಿಲ್ಲ.

ಮದುವೆಯನ್ನು ಮುಂದಕ್ಕೆ ಹಾಕಿದರು. ಅದು ಸರಿಯೇ ಎಂದು ಅವಳಿಗೂ ಅನ್ನಿಸಿತು.

ಮೊದಲೆರಡು ಶನಿವಾರ ಅವನು ಬರಲಿಲ್ಲ. ಮೂರನೆಯದಕ್ಕೂ ಬರದಿದ್ದಾಗ, ಪಾಪ, ದುಃಖದಲ್ಲಿ ಜಾಡಿಯ ಕೆಲಸ ಬಿಟ್ಟಿದ್ದಾನೆ ಎಂದುಕೊಂಡು ಅವಳು ಭಾನುವಾರ ಬ್ರೆಡ್ಡು, ಹಣ್ಣು ಕಟ್ಟಿಕೊಂಡು ಹೋದಳು. ಅಡುಗೆಮನೆಯ ಕಿಟಕಿಯ ಕೆಳಗೆ ಮೂರರ ಜಾಗದಲ್ಲಿ ಏಳು ಜಾಡಿ ಇದ್ದವು. ಏಳು ಬಲೂನು. ಕಸದ ಡಬ್ಬಿಯ ಪಕ್ಕ ರಾಶಿ ಬಿದ್ದಿದ್ದ ಬಾಟಲಿಗಳ ಮುಚ್ಚಳ ಬಿಳಿ. ಅವಳ ಅಂಗಡಿಯದಲ್ಲ. ಅವಳ ಕಣ್ಣು ತಪ್ಪಿಸಲು ಅವನು ಬೇರೆ ಅಂಗಡಿಗೆ ಹೋಗುತ್ತಿದ್ದ.

ಅವನ ಕೈಯಲ್ಲಿ ಲೋಟವಿತ್ತು. ಚಿಕ್ಕದಲ್ಲ, ನೀರು ಕುಡಿಯುವ ದೊಡ್ಡ ಲೋಟ. ಅದರೊಳಗಿದ್ದದ್ದು ಮಣ್ಣುನೀರಿನ ಹಾಗೆ ಕದಡಿತ್ತು.

"ಇದು ಯಾವತ್ತು ಹಾಕಿದ್ದು?" ಎಂದು ಕೇಳಿದಳು.

"ಆಗಲೇ... ತುಂಬ ದಿನ ಆಯ್ತು."

"ಗಸಿ ಇನ್ನೂ ಇಳಿದೇ ಇಲ್ಲ."

"ರುಚಿ ನೋಡ್ತಿದ್ದೆ ಅಷ್ಟೇ."

ಅದೇ ಮಾತು. ಅದೇ ದನಿ. ಬೇರೆ ಮನೆ, ಬೇರೆ ಗಂಡಸು. ಆರು ವಾರ ಕಾಯುತ್ತಿದ್ದವನು ಈಗ ಹತ್ತು ದಿನಕ್ಕೆ ತೆಗೆಯುತ್ತಿದ್ದ. ನಶೆ ಏರಲೆಂದು ಸಕ್ಕರೆ ಎರಡರಷ್ಟು ಹಾಕುತ್ತಿದ್ದನೆಂದು ಖಾಲಿ ಪೊಟ್ಟಣಗಳೇ ಹೇಳುತ್ತಿದ್ದವು. ಅವಳು ಬ್ರೆಡ್ಡಿಟ್ಟು, ಸಿಂಕಿನಲ್ಲಿದ್ದ ಪಾತ್ರೆ ತೊಳೆದು, ಮನೆಗೆ ಬಂದಳು. ಅತ್ತೆ ಹೇಗಿದ್ದಾನೆ ಎಂದು ಕೇಳಿದ್ದಕ್ಕೆ, "ಪರವಾಗಿಲ್ಲ," ಎಂದಳು. ಗಂಡನ ಕಾಲದಲ್ಲಿ ನೆರೆಹೊರೆಯವರಿಗೆ ಹೇಳುತ್ತಿದ್ದ ಮಾತೇ ಅದು ಎಂಬುದು ಹೇಳಿ ಮುಗಿದ ಮೇಲೆ ನೆನಪಾಯಿತು.

ಮುಂದಿನ ಗುರುವಾರ ಹಾಡಹಗಲು ಹನ್ನೊಂದು ಗಂಟೆಗೆ ಅವನು ಅವಳ ಅಂಗಡಿಗೇ ಬಂದ. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಜ್ಯೂಸಿನ ಸಾಲಿನ ಮಧ್ಯೆ ನಿಂತು, "ಮೇಡಂ! ಜ್ಯೂಸ್ ಮೇಡಂ!" ಎಂದು ಕೂಗಿದ. ಶೆಲ್ಫಿಗೆ ಕೈಯೂರಲು ಹೋಗಿ ಜಾರಿದ. ಬಾಟಲಿಗಳು ಸಾಲಾಗಿ ಉರುಳಿ ಒಡೆದವು. ಮಗುವಿನ ಕೈ ಹಿಡಿದಿದ್ದ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ದೂರ ಸರಿದಳು. ಮ್ಯಾನೇಜರ್ ಓಡಿ ಬಂದು ಅವನ ತೋಳು ಹಿಡಿದ.

"ಏನ್ರೀ ಇದು? ನಿಮಗೆ ಗೊತ್ತಿರೋರಾ?" ಎಂದು ಅವಳನ್ನು ಕೇಳಿದ.

ಅವನು ಅವಳ ಕಡೆ ನೋಡಿದ. ಆ ಕೆಂಪು ಕಣ್ಣಿನಲ್ಲಿ ಭರವಸೆ ಇತ್ತು.

"ಇಲ್ಲ," ಎಂದಳು ಅವಳು. "ನಂಗೊತ್ತಿಲ್ಲ."

ಅವನ ಮುಖದಲ್ಲಿ ಸಿಟ್ಟು ಬರಲಿಲ್ಲ. ತಲೆಯಾಡಿಸಿದ, ಸರಿ ಎನ್ನುವ ಹಾಗೆ. ಮ್ಯಾನೇಜರ್ ಅವನನ್ನು ಬಾಗಿಲಾಚೆ ಬಿಟ್ಟು ಬಂದ. ಅವಳು ನೆಲ ಒರೆಸಿದಳು. ಸಕ್ಕರೆಯ ಅಂಟು ಎಷ್ಟು ಒರೆಸಿದರೂ ಹೋಗಲಿಲ್ಲ. ಗಾಜಿನ ಚೂರು ಚುಚ್ಚಿ ಹೆಬ್ಬೆರಳಿನಿಂದ ರಕ್ತ ಬಂದದ್ದು ಅವಳಿಗೆ ತಿಳಿದದ್ದು ಕೆಲಸ ಮುಗಿಸಿ ಹೊರಡುವಾಗ.

ಮಾರನೆಯ ಬೆಳಿಗ್ಗೆ ರಜೆ ಹಾಕಿ ಅವನ ಮನೆಗೆ ಹೋದಳು. ಅವನು ಕುಡಿದಿರಲಿಲ್ಲ. ಸಿಂಕಿನ ಮುಂದೆ ನಿಂತು ಒಂದು ಜಾಡಿಯನ್ನು ಬಗ್ಗಿಸಿ ಸುರಿಯುತ್ತಿದ್ದ. ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ಹೊರಗೇ ಚೆಲ್ಲುತ್ತಿತ್ತು.

"ಎಲ್ಲ ಸುರಿದುಬಿಡ್ತೀನಿ. ಇವತ್ತಿಂದ ಮುಟ್ಟಲ್ಲ. ನಿಮ್ಮಾಣೆ."

"ಆಣೆ ಇಡಬೇಡಿ. ಅವರೂ ಸುರಿದಿದ್ರು. ಮೂರು ಸಲ. ನನ್ನ ಕಣ್ಣೆದುರಿಗೇ. ಸುರಿಯೋದು ನೋಡಿ ನಾನು ಖುಷಿಪಟ್ಟಿದ್ದೆ. ಒಮ್ಮೆಲೇ ಬಿಟ್ಟಿದ್ದಕ್ಕೆ ಮೂರನೇ ದಿನಕ್ಕೆ ಫಿಟ್ಸ್ ಬಂದು ಬಾತ್‌ರೂಮಲ್ಲಿ ಬಿದ್ದಿದ್ರು."

ಅವನು ಜಾಡಿ ಕೆಳಗಿಟ್ಟ. ನೆಲಕ್ಕೆ ಕೂತ.

"ಸ್ಪ್ಯಾನರ್ ಮರೆತಿದ್ದು ಅವನು," ಎಂದ. "ಅವನೇ ತರೋಕೆ ಹೊರಟಿದ್ದ. ನಾನು ಬೇಡ ಅಂದೆ. ನೀನು ಇಲ್ಲೇ ಇರು, ನಿನಗೆ ಮೆಟ್ಟಿಲು ಹತ್ತೋಕೆ ಮೊಣಕಾಲು ನೋವು ಅಂದೆ. ಇದನ್ನ ವಿಚಾರಣೆಲಿ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

ಅವಳು ಅವನ ಪಕ್ಕ, ಒದ್ದೆ ನೆಲದ ಮೇಲೆಯೇ ಕೂತಳು.

"ನಿನ್ನೆ ನಾನು ನಿಮ್ಮನ್ನ ಗೊತ್ತಿಲ್ಲ ಅಂದೆ."

"ಸರಿಯಾಗೇ ಅಂದ್ರಿ. ನಿನ್ನೆ ಬಂದೋನು ನನಗೂ ಗೊತ್ತಿಲ್ಲ."

ಅವನು ನಗಲು ನೋಡಿದ. ಆಗಲಿಲ್ಲ. ಅವಳು ಅವನ ನಡುಗುವ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಅದು ನಿಲ್ಲಲಿಲ್ಲ.

"ಇಲ್ಲಿ ಕೇಳಿ. ನಾನು ನಿಮ್ಮನ್ನ ಮದುವೆ ಆಗಲ್ಲ. ಪ್ರೀತಿ ಇಲ್ಲ ಅಂತ ಅಲ್ಲ. ಪ್ರೀತಿ ಇದೆ. ಇಷ್ಟು ದಿನ ಬಾಯಿ ಬಿಟ್ಟು ಹೇಳಿರ್ಲಿಲ್ಲ, ಈಗ ಹೇಳ್ತಿದೀನಿ. ಆದ್ರೆ ಒಬ್ಬರು ಸಾಯೋದನ್ನ ಬಾಗಿಲಲ್ಲಿ ನಿಂತು ಕಾದಿದ್ದಾಯ್ತು. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

"ಗೊತ್ತು," ಎಂದ ಅವನು. "ನಾನು ಕೇಳೋದೂ ಇಲ್ಲ."

ಕಿಟಕಿಯ ಕೆಳಗೆ ಬಲೂನೊಂದು ಸಣ್ಣಗೆ ಸುಂಯ್‌ಗುಟ್ಟುತ್ತಿತ್ತು.

"ನೀನು ಬದುಕ್ಬೇಕು," ಎಂದಳು. ಅವಳು ಅವನಿಗೆ ಮೊದಲ ಸಲ ನೀನು ಎಂದಿದ್ದಳು. ಇಬ್ಬರಿಗೂ ಅದು ಕೇಳಿಸಿತು.

ಅವನು ಮುಖ ಆಚೆ ತಿರುಗಿಸಿಕೊಂಡ. ಭುಜ ಅಲುಗುತ್ತಿತ್ತು. "ಎಲ್ಲಿಗಾದ್ರೂ ಸೇರಿಸು ನನ್ನ," ಎಂದ. "ಒಬ್ಬನೇ ಹೋಗೋಕೆ ಆಗ್ತಿಲ್ಲ. ಎರಡು ಸಲ ಆಸ್ಪತ್ರೆ ಗೇಟಿನ ತನಕ ಹೋಗಿ ವಾಪಸ್ ಬಂದೆ."

ಅವಳು ಮನೆಗೆ ಬಂದು ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ ತಯಾರಾಗಿಯೇ ಹೇಳಿದ್ದಳು. ನಾನು ಆವತ್ತೇ ಹೇಳಿರಲಿಲ್ಲವೇ ಎಂದಾರು ಎಂದುಕೊಂಡಿದ್ದಳು. ಅತ್ತೆ ಕನ್ನಡಕ ತೆಗೆದು, ಸೀರೆಯ ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ತಾನಾಗೇ ಕೇಳಿದ್ನಾ? ಸೇರಿಸು ಅಂತ?"

"ಹೂಂ."

"ನನ್ನ ಮಗನ ಕಾಲು ಹಿಡಿದಿದ್ದೆ ನಾನು. ಹೆತ್ತ ತಾಯಿ, ಕಾಲು ಹಿಡಿದಿದ್ದೆ. ಬರಲಿಲ್ಲ." ಅತ್ತೆ ಎದ್ದು ಚಪ್ಪಲಿ ಹುಡುಕಿದರು. "ಬರ್ತೀನಿ ಅನ್ನೋನನ್ನ ಯಾಕೆ ಕಾಯಿಸ್ತೀಯ? ಇನ್ನು ಒಂದು ಗಂಟೆ ಬಿಟ್ರೆ ಮನಸ್ಸು ಬದಲಾಗುತ್ತೆ. ಏಳು. ಅವನಿಗೆ ಎರಡು ಜೊತೆ ಬಟ್ಟೆ ಸಾಕು."

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು. ಅವನು ಕಿಟಕಿಯ ಪಕ್ಕ, ಅವಳು ನಡುವೆ. ಅತ್ತೆ ಅವನನ್ನು ನೋಡಿದ್ದು ಅದೇ ಮೊದಲು. ಅವನಿಗೆ ಬೆವರು ಹರಿಯುತ್ತಿದ್ದುದನ್ನು ಕಂಡು ಚೀಲದಿಂದ ಟವೆಲ್ ತೆಗೆದು ಅವಳ ಮಡಿಲಿನ ಮೇಲೆ ಹಾಕಿದರು.

ಕುಡಿತ ಬಿಡಿಸುವ ವಾರ್ಡು ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಹಸಿರು ಬಣ್ಣದ ಕಬ್ಬಿಣದ ಬಾಗಿಲು, ಅದರಲ್ಲೊಂದು ಚಿಕ್ಕ ಕಿಂಡಿ. ಡಾಕ್ಟರು ಅವನ ನಾಡಿ ನೋಡಿ, ನಾಲಿಗೆ ನೋಡಿ, ನೇರವಾಗಿಯೇ ಹೇಳಿದರು. "ಮೊದಲ ವಾರ ಕಷ್ಟ. ಆಮೇಲಿನದು ಇನ್ನೂ ಕಷ್ಟ. ಇಲ್ಲಿಂದ ಹೋದೋರಲ್ಲಿ ಅರ್ಧ ಜನ ವಾಪಸ್ ಬರ್ತಾರೆ. ಸುಳ್ಳು ಹೇಳಲ್ಲ ನಾನು."

ನರ್ಸೊಬ್ಬಳು ಅವನ ಬೆಲ್ಟು, ಬೂಟಿನ ದಾರ, ಗಡಿಯಾರ ತೆಗೆಸಿಕೊಂಡಳು. ಜೇಬಿನಲ್ಲಿದ್ದ ಆ ವಿಚಾರಣೆಯ ಕಾಗದವನ್ನು ಅವನೇ ತೆಗೆದು, ನರ್ಸಿಗೆ ಕೊಡದೆ, ಅವಳ ಕೈಗೆ ಕೊಟ್ಟ. "ಇದು ನಂಗೆ ಬೇಡ. ಇಟ್ಕೊಳ್ಳೋದೂ ಬೇಡ, ಎಲ್ಲಾದ್ರೂ ಹಾಕು." ಬೂಟಿಗೆ ದಾರವಿಲ್ಲದೆ ಅವನು ಮುದುಕನ ಹಾಗೆ ಕಾಲೆಳೆದು ನಡೆದ.

ಮೇಜಿನ ಹಿಂದೆ ಕೂತಿದ್ದ ಗುಮಾಸ್ತೆ ಫಾರಂ ತುಂಬಿಸುತ್ತಿದ್ದಳು. ಹೆಸರು, ವಯಸ್ಸು, ವಿಳಾಸ ಮುಗಿಯಿತು.

"ಪೇಷಂಟಿಗೆ ನೀವು ಏನಾಗ್ಬೇಕು?"

ಅವಳು ಕಬ್ಬಿಣದ ಬಾಗಿಲಿನ ಕಡೆ ನೋಡಿದಳು.

"ಹೆಂಡತಿನಾ?"

"ಅಲ್ಲ."

"ಅಕ್ಕ, ತಂಗಿ?"

"ಅಲ್ಲ."

"ಮತ್ತೆ ಏನಾಗ್ಬೇಕಮ್ಮ? ಹಿಂದೆ ಜನ ಕಾಯ್ತಿದಾರೆ."

"ಏನೂ ಆಗಬೇಕಿಲ್ಲ," ಎಂದಳು ಅವಳು. "ಬೇಕಾದವಳು."

ಗುಮಾಸ್ತೆ ತಲೆಯೆತ್ತಿದಳು. "ಅದನ್ನೆಲ್ಲ ಇಲ್ಲಿ ಬರೆಯೋಕಾಗಲ್ಲ."

"ಬರೀರಿ. ನಾನು ಸಹಿ ಹಾಕ್ತೀನಿ."

ಕಬ್ಬಿಣದ ಬಾಗಿಲಿನ ಹತ್ತಿರ ಅವನು ನಿಂತುಬಿಟ್ಟಿದ್ದ. ಅವನಿಗೆ ಕೇಳಿಸಿತ್ತು. ತಿರುಗಿ ಅವಳನ್ನು ನೋಡಿದ. ಎಷ್ಟೋ ವಾರಗಳ ನಂತರ ಆ ಕಣ್ಣು ಎಲ್ಲಿಗೂ ತಪ್ಪಿಸಿಕೊಳ್ಳದೆ ಅವಳ ಮೇಲೆ ನಿಂತಿತು. ಅವಳೂ ಕಣ್ಣು ಕೀಳಲಿಲ್ಲ. ನರ್ಸು ಅವನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು.

ಗುಮಾಸ್ತೆ ಏನೋ ಗೊಣಗಿಕೊಂಡು ಬರೆದಳು. ಅವಳು ಸಹಿ ಹಾಕಿದಳು.

ಅತ್ತೆ ಹೊರಗಿನ ಕಲ್ಲು ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದರು. ಅವಳು ಹೋಗಿ ಪಕ್ಕದಲ್ಲಿ ಕೂತಳು.

"ನೋಡೋಕೆ ಯಾವತ್ತು ಬಿಡ್ತಾರಂತೆ?"

"ಬುಧವಾರ."

"ಹೋಗ್ತೀಯಾ?"

"ಈ ಬುಧವಾರ ಹೋಗ್ತೀನಿ," ಎಂದಳು. "ಮುಂದಿಂದು ಗೊತ್ತಿಲ್ಲ ಅತ್ತೆ."

ಅತ್ತೆ ಅವಳ ಭುಜ ಹಿಡಿದು ಎದ್ದು ನಿಂತರು. ಇಬ್ಬರೂ ಬಸ್ ಸ್ಟಾಪಿನ ಕಡೆ ನಡೆದರು. ಅರ್ಧ ದಾರಿಯಲ್ಲಿ ಅವಳು ಆಸ್ಪತ್ರೆಯ ಕಡೆ ತಿರುಗಿ ನಿಂತಾಗ, ಅತ್ತೆ ತಾವೂ ನಿಂತರು.